ಡೈರಿ ಚೀಟಿಯಿಂದ ಓದಿನವರೆಗೆ: ಗಡಿ ಊರಿನ ಒಂದು ಮಗುವಿನ ಪ್ರಕರಣ

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಅಲ್ಲಿ ಒಂದನೇ ತರಗತಿಯ ಹುಡುಗಿ. ಅವಳನ್ನು ಇಲ್ಲಿ ಸರಳಾ ಎಂದು ಕರೆಯುತ್ತೇನೆ. ಮಕ್ಕಳ ಹೆಸರು ಬದಲಿಸಿದ್ದೇನೆ. ಮನೆ, ಊರಿನ ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ. ಆ ವರ್ಷ ಶಿಕ್ಷಕಿಯ ಜೊತೆ ಓದು-ಬರಹದ ಕೆಲಸಕ್ಕೆ ನಾನು ಆ ಶಾಲೆಗೆ ಹೋಗಿಬರುತ್ತಿದ್ದೆ. ನಿರ್ಧಾರಗಳು ಹೆಚ್ಚಿನವು ಶಿಕ್ಷಕಿಯವು. ಬರೆದಿಟ್ಟುಕೊಂಡಿದ್ದು ನಾನು.

ಹಿನ್ನೆಲೆ

ಊರಿನ ಸುತ್ತ ಮಾವಿನ ತೋಪು, ನಡುವೆ ಟೊಮೇಟೊ. ಬೋರ್‌ವೆಲ್‌ನಲ್ಲಿ ನೀರು ಇರುವವರೆಗೆ ಟೊಮೇಟೊ, ಇಲ್ಲದಿದ್ದರೆ ಹಸು. ಸರಳಾ ಮನೆಯಲ್ಲಿ ಎರಡು ಹಸು ಇವೆ. ಅಪ್ಪ ಟೆಂಪೋ ಓಡಿಸುತ್ತಾರೆ, ಸೀಸನ್ನಿನಲ್ಲಿ ರಾತ್ರಿಯೆಲ್ಲ ಕೋಲಾರದ ಮಾರ್ಕೆಟ್ಟಿನಲ್ಲೇ ಇರುತ್ತಾರೆ. ಅಮ್ಮ ಕೂಲಿಗೆ ಹೋಗುತ್ತಾರೆ. ಮಗುವನ್ನು ನೋಡಿಕೊಳ್ಳುವುದು ಅಜ್ಜಿ. ಮನೆಮಾತು ತೆಲುಗು. ಅಂಗಡಿ, ಬಸ್ಸು, ಡೈರಿ ಅಂದರೆ ಕನ್ನಡವೂ ಬರುತ್ತದೆ. ಈ ಭಾಗದಲ್ಲಿ ಇದು ಮಾಮೂಲು. ದೊಡ್ಡವರು ಒಂದು ವಾಕ್ಯದಲ್ಲೇ ಎರಡು ಭಾಷೆ ಆಡಿ ಮುಗಿಸುತ್ತಾರೆ. ಆದರೆ ಆರು ವರ್ಷದ ಮಗುವಿಗೆ ಆ ಸಲೀಸು ಇನ್ನೂ ಬಂದಿರುವುದಿಲ್ಲ.

ಶಾಲೆಯಲ್ಲಿ ನಲಿ-ಕಲಿ ಪದ್ಧತಿ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ. ಕಲಿಕೆಯ ಕಾರ್ಡು, ಮಗು ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ಕಲಿಕೆಯ ಏಣಿ, ಎಷ್ಟು ಸಹಾಯ ಬೇಕೋ ಅದರಂತೆ ಮಕ್ಕಳು ಕೂರುವ ಐದು ತಟ್ಟೆ, ಅಂದರೆ ಗುಂಪು. ಇದರಲ್ಲಿ ಅಕ್ಷರ ಕಲಿಸುವುದು ಅ ಆ ಇ ಈ ಕ್ರಮದಲ್ಲಿ ಅಲ್ಲ. ಮೊದಲು ರ, ಗ, ಸ, ದ, ಅ. ಬರೆಯಲು ಸುಲಭ, ಕೂಡಲೇ ಸರ, ದರ, ಅರಸ, ಗರಗಸ ಎಂದು ಪದ ಕಟ್ಟಬಹುದು ಅನ್ನುವುದು ಲೆಕ್ಕ. ಒಳ್ಳೆಯ ಲೆಕ್ಕವೇ. ಒಂದು ಸ್ವಾರಸ್ಯ ಇದೆ ನೋಡಿ. ನಲಿ-ಕಲಿ 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾಯಿತು, 2009-10ರಲ್ಲಿ ರಾಜ್ಯದ ಎಲ್ಲಾ ಕನ್ನಡ ಸರ್ಕಾರಿ ಶಾಲೆಗಳಿಗೆ ಬಂತು. ಅದಕ್ಕೆ ಮಾದರಿಯಾಗಿದ್ದು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿ ಶಿಕ್ಷಣ ಸಂಸ್ಥೆಯವರು ನಡೆಸುತ್ತಿದ್ದ ಹಳ್ಳಿ ಶಾಲೆಗಳು. ಅಂದರೆ ಶ್ರೀನಿವಾಸಪುರದಿಂದ ಗಡಿ ದಾಟಿದರೆ ಸಿಗುವ ಊರು. ಅಲ್ಲಿ ಮಕ್ಕಳ ಮನೆಮಾತು ತೆಲುಗು, ಕಾರ್ಡೂ ತೆಲುಗು. ಅದೇ ಪದ್ಧತಿ ಮೈಸೂರು ಸುತ್ತಿಕೊಂಡು ಈ ಊರಿಗೆ ಬರುವಷ್ಟರಲ್ಲಿ ಮನೆಮಾತು ತೆಲುಗಾಗಿಯೇ ಉಳಿದು, ಕಾರ್ಡು ಮಾತ್ರ ಕನ್ನಡವಾಗಿತ್ತು.

ಸಮಸ್ಯೆ ಕಾಣಿಸಿದ್ದು ಹೇಗೆ

ಸರಳಾ ಶಾಲೆಗೆ ಬಂದಾಗ ಎಲ್ಲರ ಕಣ್ಣಿಗೂ ಜಾಣೆ. ಅಂಗನವಾಡಿಯಲ್ಲೇ ವರ್ಣಮಾಲೆಯ 49 ಅಕ್ಷರವನ್ನೂ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದಳು. ಬೋರ್ಡಿನ ಮೇಲಿದ್ದದ್ದನ್ನು ಮುತ್ತು ಪೋಣಿಸಿದ ಹಾಗೆ ಇಳಿಸುತ್ತಿದ್ದಳು. ಅವಳ ಕಾಪಿ ನೋಡಿದವರು ಮರುಮಾತಿಲ್ಲದೆ ರೈಟ್ ಹಾಕುತ್ತಿದ್ದರು. ಹಾಗಾಗಿ ತಿಂಗಳುಗಟ್ಟಲೆ ಯಾರಿಗೂ ಅನುಮಾನ ಬರಲಿಲ್ಲ.

ಮಳೆಗಾಲದಲ್ಲಿ ಒಂದು ದಿನ ಶಿಕ್ಷಕಿ ಕಾರ್ಡುಗಳನ್ನು ಕಲಸಿ, ‘ಸ’ ತೋರಿಸಿ ಕೇಳಿದರು. ಸರಳಾ ತುಟಿಯಲ್ಲೇ ಏನೋ ಗುನುಗಿದಳು. ಅ ಇಂದ ಶುರುಮಾಡಿ ಸ ತನಕ ಓಡಿ ಬರುತ್ತಿದ್ದಳು! ಕೆಲವು ಸಲ ಸರಿಯಾಗಿ ನಿಲ್ಲುತ್ತಿದ್ದಳು, ಕೆಲವು ಸಲ ಮುಂದೆ ಹೋಗುತ್ತಿದ್ದಳು. ಆಮೇಲೆ ಮರದ ಚಿತ್ರ ಇರುವ ‘ಮ’ ಕಾರ್ಡು. ತಡಮಾಡದೆ ಹೇಳಿದಳು: “ಚೆಟ್ಟು.”

ಅವಳ ಮಟ್ಟಿಗೆ ಅದು ಸರಿ ಉತ್ತರವೇ. ತೆಲುಗಿನಲ್ಲಿ ಮರ ಅಂದರೆ ಚೆಟ್ಟು. ಚಿತ್ರ ನೋಡಿ ಹೆಸರು ಹೇಳಿದ್ದಾಳೆ. ಆದರೆ ಆ ಕಾರ್ಡು ಕೆಲಸ ಮಾಡುವುದೇ ಮಗು ಮನಸ್ಸಿನಲ್ಲಿ ‘ಮರ’ ಅಂದುಕೊಂಡರೆ. ಚೆಟ್ಟು ಅಂದುಕೊಂಡ ಮಗುವಿಗೆ ಆ ಚಿತ್ರದ ಕೆಳಗೆ ‘ಮ’ ಯಾಕಿದೆ? ಏನೂ ಕಾರಣ ಇಲ್ಲ. ಸುಮ್ನೆ ಒಂದು ಗೀಟು. ಗರಗಸದ ಚಿತ್ರವಂತೂ ಅವಳಿಗೆ ಯಾವ ಭಾಷೆಯಲ್ಲೂ ಹೆಸರು ಗೊತ್ತಿಲ್ಲದ ವಸ್ತು.

ಇದನ್ನು ನಾವು ಹೀಗೆ ಬರೆದುಕೊಂಡೆವು: ಮಗುವಿಗೆ ಅಕ್ಷರದ ಆಕಾರ ಗೊತ್ತಿದೆ, ಸಾಲು ಗೊತ್ತಿದೆ. ಬರಹ ಅಂದರೆ ಬಾಯಿಮಾತೇ ಕಾಗದದ ಮೇಲೆ ಕೂತಿರುವುದು ಅನ್ನುವುದು ಗೊತ್ತಿಲ್ಲ. ಅದನ್ನು ಯಾರೂ ಅವಳಿಗೆ ತೋರಿಸಿಯೇ ಇಲ್ಲ. ಮನೆಯಲ್ಲಿ ಪುಸ್ತಕ ಇಲ್ಲ, ಓದುವವರನ್ನು ಅವಳು ನೋಡಿಯೇ ಇಲ್ಲ.

ಮೊದಲು ಮಾಡಿದ್ದು

ಮೊದಲು ಎಲ್ಲರೂ ಮಾಡುವುದನ್ನೇ ಮಾಡಲಾಯಿತು. ಕಾರ್ಡು ಜಾಸ್ತಿ, ತಿದ್ದುವುದು ಜಾಸ್ತಿ. ಮನೆಯವರು ಸಂಜೆ ಟ್ಯೂಷನ್‌ಗೂ ಹಾಕಿದರು. ಅಲ್ಲಿ ಕಾಗುಣಿತ, ದಿನಕ್ಕೊಂದು ಪುಟ. ಫಲ ಬೇಗ ಕಾಣಿಸಿತು: ಸರಳಾಗೆ ಬೆಳಗ್ಗೆ ಹೊಟ್ಟೆನೋವು ಶುರುವಾಯಿತು. ಭಾನುವಾರ ಮಾತ್ರ ಇರುತ್ತಿರಲಿಲ್ಲ.

ಎರಡನೆಯದು, ಕತೆ ಓದಿ ಹೇಳುವುದು. ಶಾಲೆಯಲ್ಲಿ ಮಕ್ಕಳ ಪುಸ್ತಕ ಇರಲಿಲ್ಲ ಅಂತಲ್ಲ. ಬೀರುವಿನಲ್ಲಿ ಬೀಗ ಹಾಕಿ ಭದ್ರವಾಗಿದ್ದವು. ಸ್ಟಾಕ್ ರಿಜಿಸ್ಟರಿನಲ್ಲಿ ನಮೂದಾದ ಪುಸ್ತಕ ಹರಿದರೆ ಯಾರು ಜವಾಬ್ದಾರಿ ಅನ್ನುವ ಭಯ. ಇದು ಈ ಶಾಲೆಯೊಂದರ ಕತೆ ಅಲ್ಲ, ಅಲ್ವಾ? ಮುಖ್ಯ ಶಿಕ್ಷಕರು ಒಂದೆರಡು ವಾರ ಯೋಚಿಸಿದರು. ಕೊನೆಗೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಒಂದು ಸಾಲು ಬರೆಸಿ ಸಹಿ ಹಾಕಿಸಿಕೊಂಡರು: ಮಕ್ಕಳು ಓದುವಾಗ ಪುಸ್ತಕ ಹರಿದರೆ ಅದನ್ನು ನಷ್ಟ ಎಂದು ಎಣಿಸಬಾರದು. ಆ ಒಂದು ಸಾಲಿನಿಂದ ಬೀಗ ತೆಗೆಯಿತು. ಕೋಣೆಯಲ್ಲಿ ಮಕ್ಕಳ ಕೈಗೆಟಕುವ ಎತ್ತರದಲ್ಲಿ ಹಗ್ಗ ಕಟ್ಟಿ ಪುಸ್ತಕಗಳನ್ನು ನೇತುಹಾಕಿದರು.

ಶಿಕ್ಷಕಿ ಚೆನ್ನಾಗಿ ಓದುತ್ತಾರೆ. ಧ್ವನಿ ಬದಲಿಸುತ್ತಾರೆ, ಚಿತ್ರ ತೋರಿಸುತ್ತಾರೆ. ಮಕ್ಕಳು ಮುತ್ತಿಕೊಳ್ಳುತ್ತಿದ್ದರು. ಸರಳಾ ಮಾತ್ರ ಹಿಂದೆ, ಕಿಟಕಿ ಪಕ್ಕ. ಶಿಕ್ಷಕಿ ತುಮಕೂರು ಕಡೆಯವರು, ತೆಲುಗು ಬರುವುದಿಲ್ಲ. ಪುಸ್ತಕದ ಕನ್ನಡ ಡೈರಿಯ ಕನ್ನಡದ ಹಾಗಿರುವುದಿಲ್ಲ. ಎರಡನೇ ಪುಟಕ್ಕೇ ಕತೆಯ ಎಳೆ ಅವಳ ಕೈಬಿಡುತ್ತಿತ್ತು.

ತಿರುವು ಬಂದದ್ದು ಅಡುಗೆಮನೆಯಿಂದ. ಬಿಸಿಯೂಟದ ಅಕ್ಕ ಅದೇ ಊರಿನವರು. ಒಂದು ಮಧ್ಯಾಹ್ನ ಬಾಗಿಲ ಬಳಿ ಕೂತು ಅಕ್ಕಿ ಆರಿಸುತ್ತಾ ಕತೆ ಕೇಳುತ್ತಿದ್ದರು. ಕತೆಯಲ್ಲಿ ನಾಯಿ ಬಾವಿಗೆ ಬಿದ್ದಾಗ ಅವರಿಗೆ ತಡೆಯಲಿಲ್ಲ, ತೆಲುಗಿನಲ್ಲಿ ಏನೋ ಅಂದರು. ಸರಳಾ ತಟ್ಟನೆ ತಿರುಗಿ ಉತ್ತರ ಕೊಟ್ಟಳು. ಅಷ್ಟೇ ಅಲ್ಲ, ಎದ್ದು ಬಂದು ಚಿತ್ರ ನೋಡಿದಳು. ಶಿಕ್ಷಕಿ ಪುಸ್ತಕ ಮುಚ್ಚಲಿಲ್ಲ, ‘ಕನ್ನಡದಲ್ಲಿ ಹೇಳಿ’ ಅನ್ನಲಿಲ್ಲ. “ಅಕ್ಕಾ, ಮುಂದೆ ಏನಾಗತ್ತೆ ಅಂತ ನೀವೇ ಕೇಳಿ ಅವರನ್ನ” ಅಂದರು.

ಅಲ್ಲಿಂದ ಕತೆಗೆ ಎರಡು ದನಿ. ಶಿಕ್ಷಕಿ ಒಂದು ಪುಟ ಕನ್ನಡದಲ್ಲಿ ಓದುವುದು. ಅಕ್ಕ ತೆಲುಗಿನಲ್ಲಿ ಕೇಳುವುದು: ಯಾಕೆ ಹೀಗೆ ಮಾಡಿದ, ಈಗೇನು ಮಾಡ್ತಾನೆ, ನೀನಾಗಿದ್ರೆ? ಮಕ್ಕಳು ಯಾವ ಭಾಷೆಯಲ್ಲಿ ಬೇಕಾದರೂ ಹೇಳಬಹುದು. ಆಮೇಲೆ ಅದೇ ಪುಟ ಇನ್ನೊಂದು ಸಲ ಕನ್ನಡದಲ್ಲಿ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಎಷ್ಟೋ ಕತೆಗಳು ಕನ್ನಡದಲ್ಲೂ ಇವೆ, ತೆಲುಗಿನಲ್ಲೂ ಇವೆ, ದುಡ್ಡು ಕೊಡಬೇಕಿಲ್ಲ. ಅಂಥದ್ದನ್ನು ಆರಿಸಿದರೆ ಅಕ್ಕ ಹಿಂದಿನ ದಿನವೇ ಫೋನಿನಲ್ಲಿ ನೋಡಿಕೊಂಡು ಬರುತ್ತಿದ್ದರು. ಒಂದೇ ಕತೆಯನ್ನು ವಾರವಿಡೀ ಓದುವುದು ಅಂತ ತೀರ್ಮಾನವಾಯಿತು. ದೊಡ್ಡವರಿಗೆ ಬೇಜಾರು. ಮಕ್ಕಳಿಗೆ ಮೂರನೇ ದಿನದ ಮೇಲೇ ನಿಜವಾದ ಮಜಾ, ಮುಂದಿನ ಸಾಲು ಅವರೇ ಹೇಳುತ್ತಾರೆ.

ಡೈರಿ ಆಟ

ಜಗುಲಿಯ ಮೂಲೆಯಲ್ಲಿ ಒಂದು ಬೆಂಚು. ಅದರ ಮೇಲೆ ಅಳತೆ ಲೋಟ, ಒಂದು ಕೊಳವೆ, ಹಳೇ ಬಾಟಲಿ. ಬಳಪದ ಪುಡಿ ಕಲಸಿದ ನೀರೇ ಹಾಲು. ಖಾಲಿ ರೀಫಿಲ್ ಲ್ಯಾಕ್ಟೋಮೀಟರ್. ಇದನ್ನು ಯಾರೂ ಹೇಳಿಕೊಡಲಿಲ್ಲ. ದಿನಕ್ಕೆ ಎರಡು ಹೊತ್ತು ಡೈರಿ ನೋಡುವ ಮಕ್ಕಳು, ಎಲ್ಲಾ ಗೊತ್ತು. “ಫ್ಯಾಟು ಎಷ್ಟು?” “ಮೂರೂವರೆ.” “ನೀರು ಹಾಕಿದ್ದೀಯಾ, ವಾಪಸ್ ತಗೊಂಡ್ ಹೋಗು.” ಜಗಳ ಎಲ್ಲಾ ತೆಲುಗಿನಲ್ಲಿ, ಲೆಕ್ಕ ಎಲ್ಲಾ ಕನ್ನಡದಲ್ಲಿ.

ಶಿಕ್ಷಕಿ ಈ ಆಟಕ್ಕೆ ಸೇರಿಸಿದ್ದು ಎರಡೇ ನಿಯಮ. ಹಾಲು ಹಾಕಿದವರಿಗೆ ಚೀಟಿ ಬರೆದುಕೊಡಬೇಕು, ಅದರ ಇನ್ನೊಂದು ಪ್ರತಿ ಡಬ್ಬಿಗೆ ಹೋಗಬೇಕು. ಎರಡನೆಯದು, ಬಟವಾಡೆ ಶನಿವಾರ. ಡಬ್ಬಿಯ ಚೀಟಿ ಓದಿ ಹುಣಸೆಬೀಜದಲ್ಲಿ ದುಡ್ಡು ಕೊಡಬೇಕು.

ಎರಡನೇ ನಿಯಮದಲ್ಲೇ ಇತ್ತು ಸಾರ. ಅದು ಆಗ ನನಗೂ ಪೂರ್ತಿ ಹೊಳೆದಿರಲಿಲ್ಲ.

ಚೀಟಿ ಬರೆದುಕೊಡುವ ಡೈರಿ ಸೆಕ್ರೆಟರಿ ಆಗಲು ಎಲ್ಲರಿಗೂ ಆಸೆ. ಬರೆಯಲು ಬರುವ ಎರಡನೇ ತರಗತಿಯವರೇ ಆ ಜಾಗ ಹಿಡಿದಿದ್ದರು. ಒಂದು ದಿನ ಅವರಿಲ್ಲದ ಹೊತ್ತಿನಲ್ಲಿ ಸರಳಾ ಬೆಂಚಿನ ಹಿಂದೆ ಕೂತುಬಿಟ್ಟಳು. ಗಗನ ಎಂಬ ಹುಡುಗ ಹಾಲು ಹಾಕಿದ. ಅವಳು ಚೀಟಿಯ ಮೇಲೆ ಅಲೆ ಅಲೆಯಾಗಿ ಎರಡು ಗೆರೆ ಎಳೆದು, ಕೆಳಗೆ ಸೆಕ್ರೆಟರಿಯ ಹಾಗೇ ಸೊಟ್ಟ ಸಹಿ ಹಾಕಿ ಕೊಟ್ಟಳು. ಶಿಕ್ಷಕಿ ಅಲ್ಲೇ ಇದ್ದರು. ‘ಇದು ಅಕ್ಷರ ಅಲ್ಲ’ ಅನ್ನುವ ಬದಲು “ಓದಿ ಹೇಳಮ್ಮಾ” ಅಂದರು. ಸರಳಾ ಬೆರಳಿಟ್ಟು ಓದಿದಳು: “ಗಗನ, ಎರಡು ಲೀಟರು.”

ಬೋರ್ಡಿನ ಕಾಪಿಯಲ್ಲಿ ಯಾವತ್ತೂ ಮಾಡದ ಕೆಲಸ ಅದು. ಹೇಳಬೇಕಾದ ಮಾತು ಮೊದಲು, ಗೆರೆ ಆಮೇಲೆ.

ಶನಿವಾರ ಬಂತು. ಡಬ್ಬಿಯಿಂದ ಅವಳ ಚೀಟಿಗಳು ಹೊರಬಿದ್ದವು. ಯಾವುದು ಗಗನಂದು, ಯಾವುದು ಇನ್ನೊಬ್ಬರದು? ಎಲ್ಲದರಲ್ಲೂ ಅದೇ ಅಲೆ. ಗಗನ “ಮೂರು ಲೀಟರು ಹಾಕಿದ್ದೆ” ಅಂದ. ಅವಳು ಎರಡು ಅಂದಳು. ತೋರಿಸು ಅಂದರೆ ತೋರಿಸಲು ಏನೂ ಇಲ್ಲ. ದೊಡ್ಡ ಜಗಳ, ಹುಣಸೆಬೀಜ ಚೆಲ್ಲಾಪಿಲ್ಲಿ. ಶಿಕ್ಷಕಿ ಮಧ್ಯೆ ಬರಲಿಲ್ಲ. ಅದೇ ದಿನ ಊಟದ ನಂತರ ಸರಳಾ ಅವರ ಸೆರಗು ಜಗ್ಗಿ ಕೇಳಿದಳು, “ಮಿಸ್, ಗಗನಂದು ಯಾವ್ದು?” ಶಿಕ್ಷಕಿ ಗೋಡೆಯ ‘ಗ’ ತೋರಿಸಿದರು. ಅವಳು ಬಂದು ಅದನ್ನು ಬೆರಳಿನಿಂದ ತಿದ್ದಿದಳು. ಅಂಗನವಾಡಿಯಿಂದ ಒಪ್ಪಿಸುತ್ತಿದ್ದ ಅಕ್ಷರ. ಬೇಕು ಅಂತ ಕೇಳಿದ್ದು ಅವತ್ತೇ.

ಸೋಮವಾರದ ಚೀಟಿಗಳಲ್ಲಿ ಒಂದು ‘ಗ’, ಪಕ್ಕದಲ್ಲಿ 2. ಅಂಕಿ ಅವಳಿಗೆ ಮೊದಲೇ ಗೊತ್ತಿತ್ತು. ಒಬ್ಬೊಬ್ಬರಾಗಿ ಹಾಲು ಹಾಕುವವರೆಲ್ಲರ ಮೊದಲಕ್ಷರ ಬಂತು. ‘ಗ’ದಲ್ಲೇ ಇಬ್ಬರು ಇದ್ದಾಗ ಎರಡನೇ ಅಕ್ಷರವೂ ಬೇಕಾಯಿತು.

ಅವಳದೇ ಮಾತು, ಕನ್ನಡ ಅಕ್ಷರ

ಆಮೇಲಿನ ನಿರ್ಧಾರ ಜಾಸ್ತಿ ಚರ್ಚೆಯಾದದ್ದು. ಮಕ್ಕಳು ಹೇಳಿದ್ದನ್ನು ಶಿಕ್ಷಕಿ ಅವರ ಕಣ್ಣೆದುರೇ ಬರೆದು, ಅವರಿಂದಲೇ ಓದಿಸುವುದು ಹಳೆಯ, ಒಳ್ಳೆಯ ಉಪಾಯ. ಸರಳಾ ತನ್ನ ಮನೆಯ ಕರುವಿನ ಬಗ್ಗೆ ಹೇಳಿದಳು: “ಮಾ ದೂಡ ಪಾಲು ತಾಗಿಂದಿ.” ಇದನ್ನು ಬರೆಯುವುದು ಹೇಗೆ? ಕನ್ನಡ ಮಾಡಿ ‘ನಮ್ಮ ಕರು ಹಾಲು ಕುಡಿಯಿತು’ ಎಂದು ಬರೆದರೆ ಅದು ಅವಳ ಮಾತಲ್ಲ. ಅವಳ ಮಾತನ್ನೇ ಕನ್ನಡ ಅಕ್ಷರದಲ್ಲಿ ಬರೆದರೆ?

ಮುಖ್ಯ ಶಿಕ್ಷಕರು ಒಪ್ಪಲಿಲ್ಲ. “ಕನ್ನಡ ಶಾಲೆ ಗೋಡೆ ಮೇಲೆ ತೆಲುಗು ಅಂತ ನಾಳೆ ಯಾರಾದ್ರೂ ಫೋಟೋ ಹೊಡೆದು ವಾಟ್ಸಾಪ್‌ಗೆ ಹಾಕಿದ್ರೆ?” ಗಡಿ ಭಾಗದಲ್ಲಿ ಇದು ಸುಳ್ಳು ಭಯ ಅಲ್ಲ. ಕೊನೆಗೆ ಒಂದು ದಾರಿ ಸಿಕ್ಕಿತು. ಗೋಡೆ ಮೇಲೆ ಬೇಡ. ಪ್ರತಿ ಮಗುವಿಗೂ ಒಂದು ನೋಟ್‌ಬುಕ್ಕು. ಮೊದಲ ದಿನ ಮಗು ಆಡಿದ ಮಾತು ಆಡಿದ ಹಾಗೆ. ಮರುದಿನ ಅದರ ಕೆಳಗೆ, ಮಗು, ಅಕ್ಕ, ಶಿಕ್ಷಕಿ ಸೇರಿ ಕಟ್ಟಿದ ಕನ್ನಡ ಸಾಲು.

ಶಿಕ್ಷಕಿಗೆ ತೆಲುಗು ಬರದಿದ್ದುದು ಇಲ್ಲಿ ಲಾಭವೇ ಆಯಿತು. ಅವರು ಪ್ರತಿ ಶಬ್ದವನ್ನೂ “ಇನ್ನೊಂದ್ಸಲ ಹೇಳು” ಅಂತ ಕೇಳಿ, ಬಿಡಿಸಿ ಬರೆಯಬೇಕಾಗುತ್ತಿತ್ತು. ಮಾ. ದೂ-ಡ. ಪಾ-ಲು. ಬಾಯಿಂದ ಬಂದ ಒಂದೊಂದು ತುಂಡೂ ಒಂದೊಂದು ಅಕ್ಷರವಾಗಿ ಬೀಳುವುದನ್ನು ಸರಳಾ ಪಕ್ಕದಲ್ಲೇ ಕೂತು ನೋಡುತ್ತಿದ್ದಳು. ಕನ್ನಡ ಲಿಪಿಯ ಅನುಕೂಲ ಇದು. ಚಪ್ಪಾಳೆ ತಟ್ಟಿ ಎಣಿಸುವ ತುಂಡು ಮತ್ತು ಅಕ್ಷರ ಬಹುಪಾಲು ಒಂದಕ್ಕೊಂದು ಹೊಂದುತ್ತವೆ. ಮರುದಿನ ಕೆಳಗೆ ಕನ್ನಡ ಸಾಲು ಬಂದಾಗ ಅವಳು ಮೇಲಿನ ‘ಪಾಲು’, ಕೆಳಗಿನ ‘ಹಾಲು’ ಎರಡರ ಮೇಲೂ ಬೆರಳಿಟ್ಟಳು. “ಮಿಸ್, ಇದು ಅದೇ. ಇದೊಂದೇ ಬೇರೆ.” ‘ಲು’ ಅದೇ. ಮೊದಲಿನದೊಂದು ಬೇರೆ. ಎರಡು ಪದಗಳನ್ನು ಅಕ್ಷರ ಅಕ್ಷರವಾಗಿ ಹೋಲಿಸಿದ್ದಾಳೆ, ಯಾರೂ ಕೇಳದೆ. ಓದು ಶುರುವಾಗಿದೆ ಅಂತ ನಾನು ಬರೆದುಕೊಂಡದ್ದು ಆ ದಿನದ ಪುಟದಲ್ಲಿ.

ಮನೆ

ಮೊದಲು ಮನೆಯವರಿಗೆ ಹೇಳಿದ್ದು ‘ದಿನಾ ಸ್ವಲ್ಪ ಹೊತ್ತು ಓದಿಸಿ’ ಅಂತ. ಓದಲು ಬಾರದವರಿಗೆ, ರಾತ್ರಿ ಪಾಳಿಯವರಿಗೆ ಈ ಮಾತು ಹೇಳುವುದು ನಮ್ಮ ಇಲಾಖೆಗಳಲ್ಲೂ ಸಂಸ್ಥೆಗಳಲ್ಲೂ ಒಂದು ಚಟ. ಅಜ್ಜಿ ನೇರವಾಗಿ ಹೇಳಿದರು: “ನಾನು ಹೆಬ್ಬೆಟ್ಟು, ನಂಗೇನ್ ಬರ್ತದಮ್ಮಾ ಮೇಡಂ.” ಶಿಕ್ಷಕಿ ಮಾತು ಬದಲಿಸಿದರು. “ಕತೆ ಬರುತ್ತಲ್ಲಾ ಅಜ್ಜಿ? ಈ ಪುಸ್ತಕದ ಚಿತ್ರ ನೋಡಿ ನಿಮಗೆ ತೋಚಿದ್ದು ತೆಲುಗಲ್ಲೇ ಹೇಳಿ.” ಅಷ್ಟು ಸಾಕಾಯಿತು. ಪುಸ್ತಕ ಬರುತ್ತಿದ್ದುದು ಗ್ರಾಮ ಪಂಚಾಯಿತಿ ಗ್ರಂಥಾಲಯದಿಂದ. 2020ರಲ್ಲಿ ಶುರುವಾದ ಓದುವ ಬೆಳಕು ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಜೊತೆಗೆ, ಮನೆಯ ನಿಜವಾದ ಡೈರಿ ಕಾರ್ಡನ್ನು ಸಂಜೆ ಅಜ್ಜಿಗೆ ಓದಿ ಹೇಳುವ ಕೆಲಸ ಸರಳಾಗೆ ಸಿಕ್ಕಿತು.

ಅಪ್ಪನನ್ನು ಒಪ್ಪಿಸುವುದು ಕಷ್ಟವಾಯಿತು. “ಆಟ ಆಡೋಕೆ ಅಂಗನವಾಡಿ ಇತ್ತಲ್ಲ ಮಿಸ್. ಇಲ್ಲೂ ಆಟಾನೇನಾ?” ಅವರ ಸಿಟ್ಟಿನಲ್ಲಿ ನ್ಯಾಯ ಇತ್ತು. ಟ್ಯೂಷನ್ ಬಿಡಿಸಿ ಅಂತ ಕೇಳಿದ್ದು ನಾವೇ. ಶಿಕ್ಷಕಿ ವಾದಕ್ಕೆ ಇಳಿಯದೆ ನೋಟ್‌ಬುಕ್ಕನ್ನು ಮನೆಗೆ ಕಳಿಸತೊಡಗಿದರು. ಟ್ಯೂಷನ್ ನಿಲ್ಲಿಸಲು ದಸರಾ ರಜೆಯವರೆಗೆ ಕಾಯಬೇಕಾಯಿತು.

ಏನಾಯಿತು, ಏನಾಗಲಿಲ್ಲ

ವರ್ಷದ ಕೊನೆಗೆ ಸರಳಾ ತನ್ನ ನೋಟ್‌ಬುಕ್ಕನ್ನು ಪೂರ್ತಿ ಓದುತ್ತಿದ್ದಳು. ಗೊತ್ತಿಲ್ಲದ ಪುಸ್ತಕದಲ್ಲಿ ಚಿಕ್ಕ ವಾಕ್ಯಗಳನ್ನು ನಿಧಾನವಾಗಿ, ಬೆರಳಿಟ್ಟು ಓದುತ್ತಿದ್ದಳು. ಏ, ಓ ದೀರ್ಘಗಳಲ್ಲಿ ತಪ್ಪುತ್ತಿದ್ದಳು. ಒತ್ತಕ್ಷರ ಬಂದರೆ ನಿಲ್ಲುತ್ತಿದ್ದಳು. ಇದನ್ನು ಸೋಲು ಅನ್ನಬಾರದು. ಕನ್ನಡದಲ್ಲಿ ಒಂದೊಂದು ವ್ಯಂಜನಕ್ಕೂ ಕಾಗುಣಿತ, ಅದರ ಮೇಲೆ ಒತ್ತು. ಕಲಿಯಬೇಕಾದ ರೂಪಗಳು ನೂರಾರು. ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಈ ಅಕ್ಷರ ಕಲಿಕೆ ನಾಲ್ಕನೇ ತರಗತಿಯವರೆಗೂ, ಅದರಾಚೆಗೂ ನಡೆಯುತ್ತದೆ ಎಂದು ತೋರಿಸಿದೆ. ಒಂದನೇ ತರಗತಿಯಲ್ಲೇ ಎಲ್ಲ ಮುಗಿಯಬೇಕು ಅನ್ನುವುದು ನಮ್ಮ ಅವಸರ.

ಹೊಟ್ಟೆನೋವು ನಿಂತಿತು. ಯಾವಾಗ ಅಂತ ಯಾರಿಗೂ ನೆನಪಿಲ್ಲ.

ಅದೇ ಕೋಣೆಯಲ್ಲಿ ಇನ್ನೊಬ್ಬ ಹುಡುಗನಿಗೂ ಇದನ್ನೆಲ್ಲ ಮಾಡಲಾಯಿತು. ಅವನು ಮುಂದೆ ಹೋಗಲಿಲ್ಲ. ಡೈರಿ ಆಟದಲ್ಲಿ ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ ಅನ್ನುವುದನ್ನು ಗಮನಿಸಿದ್ದು ಅಡುಗೆ ಅಕ್ಕ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದಾಗ ತೋರಿಸಿದರು. ಕಿವಿ ಸೋರುತ್ತಿತ್ತು, ಕೇಳಿಸುವುದು ಕಡಿಮೆ ಇತ್ತು. ಅವನದು ಬೇರೆಯೇ ದಾರಿ. ಓದು ಬರದ ಮಗುವಿನ ಕಣ್ಣು, ಕಿವಿ ಮೊದಲು ನೋಡಿಸಿ ಅನ್ನುವುದನ್ನು ಇಲ್ಲಿ ಸೇರಿಸಲೇಬೇಕು.

ಸರಳಾಗೆ ಯಾವುದು ಎಷ್ಟು ಸಹಾಯ ಮಾಡಿತು ಅಂತ ಬಿಡಿಸಿ ಹೇಳಲು ಆಗದು. ಕತೆ, ಚೀಟಿ, ನೋಟ್‌ಬುಕ್ಕು ಒಂದರ ಮೇಲೊಂದು ಬಂದವು. ನಲಿ-ಕಲಿ ಏಣಿಯ ಕೆಲಸವೂ ದಿನಾ ನಡೆಯುತ್ತಲೇ ಇತ್ತು. ಆಟ ಆಡಿದರೆ ಓದು ತಾನಾಗಿಯೇ ಬರುತ್ತದೆ ಅನ್ನುವವರ ಮಾತು ನನಗೆ ಒಪ್ಪಿಗೆ ಇಲ್ಲ. ‘ಗ’ ಯಾವುದು ಅಂತ ಯಾರಾದರೂ ತೋರಿಸಲೇಬೇಕು. ಆಟದಿಂದ ಆದದ್ದು ಏನೆಂದರೆ, ತೋರಿಸುವ ಹೊತ್ತಿಗೆ ಮಗು ಅದನ್ನು ಹುಡುಕುತ್ತಿತ್ತು. ಇದನ್ನು ಇನ್ನೊಂದು ಕಡೆ ಮಾಡುವವರು ಡೈರಿಯನ್ನೇ ಮಾಡಬೇಕಿಲ್ಲ. ಚಿಕ್ಕಬಳ್ಳಾಪುರದ ರೇಷ್ಮೆ ಊರಿನಲ್ಲಿ ಗೂಡಿನ ಮಾರುಕಟ್ಟೆ ಇದೆ, ಎಲ್ಲೆಡೆ ರೇಷನ್ ಅಂಗಡಿ ಇದೆ. ಆದರೆ ಬರೆದದ್ದನ್ನು ಕೆಲವು ದಿನ ಬಿಟ್ಟು ಯಾರಾದರೂ ಓದಿ, ಅದರ ಮೇಲೆ ಏನಾದರೂ ನಿರ್ಧಾರ ಆಗುವಂತಿರಬೇಕು. ಬಟವಾಡೆ ಇಲ್ಲದ ಚೀಟಿ ಬರೀ ಗೀಚಾಟವಾಗಿಯೇ ಉಳಿಯುತ್ತಿತ್ತು.

ಜೂನ್‌ನಲ್ಲಿ ಅಪ್ಪ ಸರಳಾಳನ್ನು ಹೋಬಳಿಯ ಒಂದು ಇಂಗ್ಲಿಷ್ ಮಾಧ್ಯಮ ಶಾಲೆಗೆ ಸೇರಿಸಿದರು. ಈಗ ಅವಳಿಗೆ ಮೂರನೇ ಭಾಷೆ. ಟಿಸಿ ತೆಗೆದುಕೊಳ್ಳಲು ಬಂದಾಗ ಅವರು ನೋಟ್‌ಬುಕ್ಕನ್ನೂ ಕೇಳಿ ತೆಗೆದುಕೊಂಡು ಹೋದರು. ಶಾಲೆಯಲ್ಲಿ ಡೈರಿ ಬೆಂಚು ಇದೆ, ಹೊಸ ಮಕ್ಕಳು ಬಂದಿದ್ದಾರೆ. ಅಡುಗೆ ಅಕ್ಕನ ಗೌರವಧನ ಅಡುಗೆಗೆ ಮಾತ್ರ, ಕತೆಗೆ ಯಾವ ಲೆಕ್ಕದಲ್ಲೂ ಜಾಗ ಇಲ್ಲ. ಮಧ್ಯಾಹ್ನ ಪಾತ್ರೆ ತೊಳೆಯುವ ಹೊತ್ತಿಗೆ ಇನ್ನೊಬ್ಬರನ್ನು ಹಾಕಿಕೊಟ್ಟರೆ ಕೂರುತ್ತೇನೆ ಎಂದು ಅವರು ಹೇಳಿದ್ದಾರೆ. ಅದು ಮುಂದಿನ ಎಸ್‌ಡಿಎಂಸಿ ಸಭೆಗೆ ಹೋಗಿದೆ.